ಹುಂಜದವರಿಗೆ ಬ್ರೆಡ್ಡು

ಅಲೆಕ್ಸಾಂಡ್ರಿಯಾ ಬಂದರು
ಗುರುವಾರ, ೯ ಏಪ್ರಿಲ್ ೧೯೪೨

ಪ್ರೀತಿಯ ಅಪ್ಪಾ,

ಹಬ್ಬ ಕಳೆದು ನಾಲ್ಕು ದಿನವಾದ ಮೇಲೆ ಈಸ್ಟರಿನ ಶುಭಾಶಯ ಹೇಳುತ್ತಿದ್ದೇನೆ, ಬೈಯಬೇಡಿ. ಯಾಕೆ ತಡವಾಯಿತೆಂದು ಮುಂದೆ ತಿಳಿಯುತ್ತದೆ. ನಿಮ್ಮ ಕೆಮ್ಮು ಹೇಗಿದೆ? ಹಿಟ್ಟು ಜರಡಿ ಹಿಡಿಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದು ಡಾಕ್ಟರು ಹೇಳಿ ಎರಡು ವರ್ಷವಾಯಿತು, ನೀವು ಕಟ್ಟಿಕೊಂಡಿಲ್ಲ ಎಂದು ಇಲ್ಲಿಂದಲೇ ಹೇಳಬಲ್ಲೆ. ಧೂಳೇಳುವಷ್ಟು ಹಿಟ್ಟು ಈಗ ಮಾಲ್ಟಾದಲ್ಲಿ ಯಾರ ಹತ್ತಿರ ಇದೆ ಎಂದು ನೀವು ಗೊಣಗುತ್ತಿರಬಹುದು. ಅಮ್ಮನ ಮಂಡಿ ಹೇಗಿದೆ? ಬಾಂಬು ಬೀಳುವಾಗಲೆಲ್ಲ ಬಂಡೆ ಕೊರೆದು ಮಾಡಿದ ಆ ಗವಿಗೆ ದಿನಕ್ಕೆ ಐದಾರು ಸಲ ಇಳಿದು ಹತ್ತಬೇಕಾಗಿದೆ ಎಂದು ತಂಗಿ ಚೆತ್ತಾ ಬರೆದಿದ್ದಳು, ಈ ಕಾಗದವನ್ನು ನಿಮಗೆ ಓದಿ ಹೇಳುತ್ತಿರುವವಳೂ ಅವಳೇ ತಾನೆ. ಕೊನೆಯ ಮೆಟ್ಟಿಲ ಹತ್ತಿರ ಕೂರುವುದಕ್ಕೆ ಏನಾದರೂ ಇಡಿಸಿ, ನಮ್ಮ ಹಿಟ್ಟಿನ ತೊಟ್ಟಿಯ ಹಲಗೆಯಾದರೂ ಸರಿ. ನೀವು ಬ್ರೆಡ್ಡಿಗೆ ಬೇಯಿಸಿದ ಆಲೂಗಡ್ಡೆ ಬೆರೆಸುತ್ತಿದ್ದೀರಿ, ಅದನ್ನು ಮಾರುವಾಗ ಗಿರಾಕಿಗಳ ಮುಖ ನೋಡುವುದಿಲ್ಲ ಎಂದೂ ಅವಳೇ ಬರೆದಿದ್ದಳು. ಅಪ್ಪಾ, ನೋಡಿ. ನಮ್ಮ ಊರು ಕೊರ್ಮಿಯಲ್ಲಿ ಎಲ್ಲ ಬೇಕರಿಯವರೂ ಅದನ್ನೇ ಮಾಡುತ್ತಿದ್ದಾರೆ. ಹಸಿದವನ ಕೈಗೆ ಬಿಸಿ ಬ್ರೆಡ್ಡು ಇಡುವವನು ತಲೆ ತಗ್ಗಿಸಬೇಕಾದ್ದಿಲ್ಲ. ಇದು ಪುಸ್ತಕದ ಮಾತಲ್ಲ, ಈ ಹತ್ತು ದಿನದಲ್ಲಿ ನಾನು ಕಂಡದ್ದು.

ಈ ಕಾಗದವನ್ನು ನಮ್ಮ ದ್ವೀಪಕ್ಕೆ ಬರುವ ಸಬ್‌ಮರೀನಿನವನೊಬ್ಬ ತರುತ್ತಾನೆ. ಅದಕ್ಕೆ ಮುಂಚೆ ಮಾಲ್ಟಾದವರೇ ಆದ ಒಬ್ಬ ಪಾದ್ರಿಗಳು ಓದಿ ಮುದ್ರೆ ಒತ್ತಬೇಕು. ಆದ್ದರಿಂದ ಹಡಗುಗಳ ಹೆಸರು ಬರೆಯುವಂತಿಲ್ಲ. ಅದರಿಂದ ತೊಂದರೆಯಿಲ್ಲ, ಬಂದರಿನಲ್ಲಿ ಯಾರೂ ಆ ಹೆಸರು ಹೇಳುವುದೂ ಇಲ್ಲ. ನಮ್ಮ ಹಡಗಿನ ಸೈರನ್ನು ಕೂಗಿದರೆ ಕತ್ತೆ ಅರಚಿದ ಹಾಗೆ ಕೇಳುತ್ತದೆ, ಅದಕ್ಕೇ ನಾವು ಕತ್ತೆಯವರು. ನಮ್ಮದೇ ಅಳತೆಯ ಇನ್ನೊಂದು ಯುದ್ಧನೌಕೆಯ ಹೊಗೆಕೊಳವೆಯ ತುದಿಗೆ ಕೆಂಪು ಪಟ್ಟಿ ಬಳಿದಿದ್ದಾರೆ, ಜುಟ್ಟಿನ ಹಾಗೆ. ಅದು ಹುಂಜ. ಕತ್ತೆಗೂ ಹುಂಜಕ್ಕೂ ಹೋದ ನವೆಂಬರಿನಿಂದ ಮಾತಿರಲಿಲ್ಲ. ಇಲ್ಲಿಯ ಮೈದಾನದಲ್ಲಿ ಎರಡೂ ಹಡಗಿನವರ ಫುಟ್‌ಬಾಲ್ ಪಂದ್ಯ ಶುರುವಾಯಿತು, ಮುಗಿಯಲಿಲ್ಲ. ಹುಂಜದ ಫಿರಂಗಿಯವನಾದ ಪೆಂಗೆಲಿ ನಮ್ಮ ಬಾಯ್ಲರ್ ಕೋಣೆಯ ಹಾಬ್ಸನ ಮುಂದಿನ ಹಲ್ಲು ಉದುರಿಸಿದ. ಅಂದಿನಿಂದ ಯಾವ ಹೋಟೆಲಿನಲ್ಲಿ ನಮ್ಮವರಿದ್ದರೂ ಅಲ್ಲಿಗೆ ಅವರು ಬರುತ್ತಿರಲಿಲ್ಲ, ಬಂದರೆ ಕುರ್ಚಿ ಮುರಿಯುತ್ತಿತ್ತು.

ಕತ್ತೆಯ ಅಡುಗೆಯವನಾದ ನನ್ನ ಹಾಗೆ ಹುಂಜದ ಅಡುಗೆಯವನೂ ನಮ್ಮ ದ್ವೀಪದವನೇ. ನರ್ದು ಎಂದು ಹೆಸರು, ಝೈತೂನ್ ಊರು, ಐವತ್ತರ ಹತ್ತಿರದ ವಯಸ್ಸು. ನೌಕಾಪಡೆಯ ಅಡುಗೆಮನೆಯಲ್ಲೇ ಮೂವತ್ತು ವರ್ಷ ಕಳೆದ ಮನುಷ್ಯ. ಕೊರ್ಮಿಯವರೇ ಬ್ರೆಡ್ಡು ಕಂಡುಹಿಡಿದವರು ಎಂಬ ನಮ್ಮ ಜಂಬ ಕಂಡರೆ ಅವನಿಗೆ ಆಗುವುದಿಲ್ಲ. ಸಾಮಾನು ತರಲು ಹೋದಾಗ ಉಗ್ರಾಣದ ಸಾಲಿನಲ್ಲಿ ಎದುರಾದರೆ ಎಲ್ಲರಿಗೂ ಕೇಳುವ ಹಾಗೆ, "ಏನೋ ಕೊರ್ಮಿ, ನಿನ್ನ ಬ್ರೆಡ್ಡು ಕಟ್ಟಿ ನೀರಿಗೆ ಬಿಟ್ರೆ ಸಾಕಂತೆ, ನಿಮ್ ಹಡಗಿಗೆ ಲಂಗರೇ ಬೇಡ್ವಂತೆ" ಎನ್ನುತ್ತಿದ್ದ. ನಾನು ನನ್ನ ಮೂಟೆ ಹೊತ್ತು ಹೊರಟುಬಿಡುತ್ತಿದ್ದೆ. ಬೇಕರಿ ಬಿಟ್ಟು ಹಡಗು ಸೇರಿದ ದಿನ ನೀವು, ಏನು ಹಾಕಿದರೂ ತಿನ್ನುವವರಿಗೆ ಬೇಯಿಸಿ ಹಾಕುವುದೂ ಒಂದು ಕಸುಬೇ ಎಂದು ಕೇಳಿದ್ದಿರಲ್ಲ, ಅದಕ್ಕಿಂತ ಅವನ ಮಾತು ಹೆಚ್ಚು ಚುಚ್ಚುತ್ತಿತ್ತು. ಯಾಕೆಂದರೆ ಅವನು ತಿಂದು ನೋಡಿ ಹೇಳಿದವನು.

ಪವಿತ್ರ ವಾರದ ಸೋಮವಾರ ಮಧ್ಯಾಹ್ನ ಕಾದಾಟವಾಯಿತು. ನಾವು ನಾಲ್ಕು ಸರಕು ಹಡಗುಗಳಿಗೆ ಕಾವಲಾಗಿ ಹೊರಟಿದ್ದೆವು. ಅವುಗಳ ಹೊಟ್ಟೆಯಲ್ಲಿ ಏನಿತ್ತು, ಎಲ್ಲಿಗೆ ಹೊರಟಿದ್ದವು ಎಂದು ಬರೆಯುವಂತಿಲ್ಲ. ಭಟ್ಟಿಯ ಮುಂದೆ ಖಾಲಿ ಕೈಯಲ್ಲಿ ನಿಂತ ನಿಮಗೆ ಅದನ್ನು ಬಿಡಿಸಿ ಹೇಳಬೇಕಾಗಿಯೂ ಇಲ್ಲ. ಎದುರಿಗೆ ಬಂದ ಶತ್ರು ಹಡಗುಗಳು ನಮ್ಮ ಎರಡರಷ್ಟು ದೊಡ್ಡವು. ಕಾದಾಟದ ಹೊತ್ತಿನಲ್ಲಿ ಅಡುಗೆಯವನ ಕೆಲಸ ಕೆಳಗಿನ ಕೋಣೆಯಿಂದ ಗುಂಡುಗಳನ್ನು ಕೈಯಿಂದ ಕೈಗೆ ದಾಟಿಸುವುದು, ಆದ್ದರಿಂದ ನಾನು ಕಂಡದ್ದೆಂದರೆ ಮುಂದಿನವನ ಬೆನ್ನು ಮಾತ್ರ. ಮೇಲಿದ್ದವರು ಆಮೇಲೆ ಹೇಳಿದ್ದನ್ನು ಬರೆಯುತ್ತೇನೆ. ಸರಕು ಹಡಗುಗಳು ಕಾಣದಿರಲೆಂದು ನಾವು ಕರಿ ಹೊಗೆಯ ಪರದೆ ಬಿಡುತ್ತ ಓಡುತ್ತಿದ್ದೆವಂತೆ. ಗಾಳಿ ತಿರುಗಿತು, ನಮ್ಮ ಮುಂದಿನ ಹೊಗೆ ಹರಿದುಹೋಯಿತು, ಬಯಲಲ್ಲಿ ನಿಂತ ಕತ್ತೆಯ ಹಾಗೇ ಆಯಿತು ನಮ್ಮ ಸ್ಥಿತಿ. ಆಗ ಹುಂಜ ಸರಕ್ಕನೆ ತಿರುಗಿ ನಮಗೂ ಶತ್ರುವಿಗೂ ನಡುವೆ ನುಗ್ಗಿತು. ನಮ್ಮ ಲೆಕ್ಕದ ಎರಡು ಗುಂಡುಗಳನ್ನು ಅದು ತಿಂದಿತು. ಒಂದು ಬಾಯ್ಲರ್ ಕೋಣೆಗೆ, ಇನ್ನೊಂದು ನೇರವಾಗಿ ಅಡುಗೆಮನೆಗೆ. (ಚೆತ್ತಾ, ಈ ಸಾಲುಗಳನ್ನು ಮೆಲ್ಲಗೆ ಓದು, ಅಮ್ಮ ಬಾಗಿಲ ಹಿಂದೆಯೇ ಇರುತ್ತಾಳೆ. ನನಗೆ ಒಂದು ಗೀರೂ ಬಿದ್ದಿಲ್ಲ ಎಂದು ಬೇಕಾದರೆ ಗಟ್ಟಿಯಾಗಿ ಓದು.) ಸಂಜೆಗೆ ಶತ್ರು ಹಡಗುಗಳು ಹಿಂದಿರುಗಿದವು. ಸರಕು ಹಡಗುಗಳು ನಾಲ್ಕೂ ಉಳಿದವು, ಉಳಿದ ಕಾವಲಿನವರೊಂದಿಗೆ ಮುಂದೆ ಹೋದವು. ಹುಂಜ ಮಾತ್ರ ನಿಂತಲ್ಲೇ ನಿಂತಿತ್ತು, ಒಂದು ಕಡೆಗೆ ವಾಲಿಕೊಂಡು. ಅದನ್ನು ಎಳೆದು ತರಲು ನಮಗೆ ಅಪ್ಪಣೆಯಾಯಿತು.

ಅಪ್ಪಣೆಯಾಗುವುದಕ್ಕೆ ಮುಂಚೆಯೇ ನಮ್ಮವರು ಹಿಂಭಾಗದಲ್ಲಿ ಉಕ್ಕಿನ ಹಗ್ಗ ಬಿಚ್ಚಿಟ್ಟುಕೊಂಡು ಕೂತಿದ್ದರು ಎಂದರೆ ನೀವು ನಂಬಬೇಕು. ಮೊದಲ ಸಲ ಹಗ್ಗ ಕಿತ್ತುಹೋಯಿತು. ಎರಡನೆಯದನ್ನು ಎರಡೂ ಹಡಗಿನವರು ಬರಿಗೈಯಲ್ಲಿ ಎಳೆದು ಬಿಗಿದರು, ಹಗ್ಗ ಎಳೆಯುವ ಹುಂಜದ ಯಂತ್ರಕ್ಕೆ ಆವಿ ಇರಲಿಲ್ಲ. ಸಮುದ್ರ ಇನ್ನೂ ಏಳುತ್ತಿದ್ದರೂ ನಮ್ಮಲ್ಲಿದ್ದ ನೀರೆತ್ತುವ ಪಂಪುಗಳಲ್ಲಿ ಒಂದನ್ನು ದೋಣಿಯಲ್ಲಿ ಅತ್ತ ಕಳಿಸಿದರು, ಅದರ ಜೊತೆಗೆ ಹೋಗಲು ಹಾಬ್ಸ್ ತಾನೇ ಮುಂದೆ ಬಂದ. ಆ ಹಲ್ಲಿಲ್ಲದ ಹಾಬ್ಸೇ. ಪಂಪು ಕೊಟ್ಟು ವಾಪಸು ಬಾ ಎಂದು ಕಳಿಸಿದ್ದರು, ಅವನು ಬರಲಿಲ್ಲ. ಅವರ ಬಾಯ್ಲರುಗಳಲ್ಲಿ ಒಂದನ್ನು ಬದುಕಿಸಬಹುದು, ಅಲ್ಲಿಯವರೆಗೆ ತನ್ನನ್ನು ಕರೆಯಬೇಡಿ ಎಂದು ಹೇಳಿ ಕಳಿಸಿದ.

ಮಂಗಳವಾರ ಬೆಳಿಗ್ಗೆ ಅವರು ತಮ್ಮ ಹನ್ನೊಂದು ಜನರನ್ನು ಸಮುದ್ರಕ್ಕೆ ಒಪ್ಪಿಸಿದರು. ನಮ್ಮ ಕ್ಯಾಪ್ಟನ್ ವೇಗ ತಗ್ಗಿಸಿದರು, ಬಾವುಟ ಅರ್ಧಕ್ಕೆ ಇಳಿಯಿತು, ಕೆಲಸವಿಲ್ಲದವರೆಲ್ಲ ಟೋಪಿ ತೆಗೆದು ಹಡಗಿನ ಹಿಂಭಾಗದಲ್ಲಿ ನಿಂತೆವು. ಅವರ ಪ್ರಾರ್ಥನೆ ನಮಗೆ ಕೇಳುವಷ್ಟು ಹತ್ತಿರವಿರಲಿಲ್ಲ. ಅದಕ್ಕೆ ಅವರ ದೀಪದವನು ಒಂದೊಂದೇ ಹೆಸರನ್ನು ದೀಪ ಮಿಣುಕಿಸಿ ಹೇಳಿದ, ನಮ್ಮ ದೀಪದವನು ಅದನ್ನು ಓದಿ ಗಟ್ಟಿಯಾಗಿ ಕೂಗಿದ. ಒಂದೊಂದು ಹೆಸರು ಬಂದಾಗಲೂ ನರ್ದುವಿನದಿರಬಹುದೇ ಎಂದು ಕಿವಿಗೊಡುತ್ತಿದ್ದೆ. ಅಡುಗೆಮನೆಗೆ ಗುಂಡು ಬಿದ್ದಿತ್ತಲ್ಲ. ಹತ್ತು ಹೆಸರು ಬಂದವು, ಅವುಗಳಲ್ಲಿ ನರ್ದುವಿನ ಹೆಸರಿರಲಿಲ್ಲ. ಆದರೆ ಹನ್ನೊಂದನೆಯವನ ಗುರುತು ಹಿಡಿಯಲಾಗಿಲ್ಲ, ಇನ್ನಿಬ್ಬರು ಸಿಕ್ಕಿಲ್ಲ ಎಂದು ದೀಪ ಕೊನೆಯಲ್ಲಿ ಹೇಳಿತು.

ಅಂದೇ ತಿಳಿಯಿತು, ಅವರ ಹಡಗಿನಲ್ಲಿ ಒಲೆಯೇ ಇಲ್ಲ, ನೂರೆಪ್ಪತ್ತು ಜನ ಹಿಂದಿನ ದಿನದಿಂದ ಒಣ ಬಿಸ್ಕತ್ತು, ಡಬ್ಬಿಯ ತಣ್ಣನೆ ಮಾಂಸ ತಿಂದು ಪಂಪು ಒತ್ತುತ್ತಿದ್ದಾರೆ ಎಂದು. ನಾನು ಯಾರನ್ನೂ ಕೇಳಲಿಲ್ಲ, ಎರಡು ಹಡಗಿಗಾಗುವಷ್ಟು ಹಿಟ್ಟು ಕಲೆಸಿದೆ. ನಾದಲು ನನ್ನ ಎರಡು ಕೈ ಸಾಲಲಿಲ್ಲ. ಟಾರ್ಪಿಡೊದವರು, ಗುಮಾಸ್ತ, ಒಬ್ಬ ಅಧಿಕಾರಿ ಕೂಡ ಅಂಗಿಯ ತೋಳು ಮಡಿಸಿ ಬಂದು ನಿಂತರು. ಉಗುರು ತಿಕ್ಕಿ ತೊಳೆಯದೆ ಹಿಟ್ಟು ಮುಟ್ಟಕೂಡದೆಂದು ಆ ಅಧಿಕಾರಿಗೂ ಹೇಳಿದೆ, ನೀವು ನನಗೆ ಹೇಳುತ್ತಿದ್ದ ದನಿಯಲ್ಲೇ. ಸಮುದ್ರ ಏಳುತ್ತಿದ್ದುದರಿಂದ ಆ ದಿನ ಮತ್ತೆ ದೋಣಿ ಇಳಿಸುವಂತಿರಲಿಲ್ಲ. ರಮ್ಮಿನ ಖಾಲಿ ಪೀಪಾಯಿಗೆ ಬ್ರೆಡ್ಡು ತುಂಬಿ, ಮುಚ್ಚಳಕ್ಕೆ ಮೇಣ ಮೆತ್ತಿ, ಉದ್ದ ಹಗ್ಗ ಕಟ್ಟಿ ನೀರಿಗೆ ಬಿಟ್ಟೆವು. ಅದು ತೇಲುತ್ತ ಹಿಂದಕ್ಕೆ ಹೋಗಿ ಅವರ ಹಡಗಿನ ಮೂತಿಗೆ ತಾಗಿತು, ಅವರು ಕೊಕ್ಕೆ ಹಾಕಿ ಎತ್ತಿಕೊಂಡರು. ಹೀಗೆ ಆರು ಸಲ.

ಆರನೆಯ ಪೀಪಾಯಿ ಹೋದ ಮೇಲೆ ಅವರ ದೀಪ ಮಿಣುಕಲು ಶುರುವಾಯಿತು. ನಮ್ಮ ದೀಪದವನು ಓದುತ್ತ ಓದುತ್ತ ನಕ್ಕುಬಿಟ್ಟ. "ಬ್ರೆಡ್ಡು ಮುಟ್ಟಿತು. ಎಲ್ಲರೂ ತಿಂದರು. ನಮ್ಮ ಅಡುಗೆಯವನು ಹೇಳ್ತಿದಾನೆ, ಉಪ್ಪು ಕಮ್ಮಿ."

ಅಪ್ಪಾ, ಉಪ್ಪು ಕಮ್ಮಿಯಿರಲಿಲ್ಲ. ಆದರೆ ನಾನು ಹಿಟ್ಟಿನ ಮೂಟೆಯ ಮೇಲೆ ಕೂತು ಅತ್ತೆ. ನೂರೆಂಬತ್ತು ಜನರಿದ್ದ ಹಡಗಿನಲ್ಲಿ ಯಾರೂ ನನ್ನನ್ನು ಗೇಲಿ ಮಾಡಲಿಲ್ಲ, ಅದೇ ಆಶ್ಚರ್ಯ.

ಬುಧವಾರ ಸಮುದ್ರ ತಣ್ಣಗಾಯಿತು. ಗಾಯದ ಮದ್ದು, ಕಂಬಳಿ, ನಮ್ಮವರು ತಮ್ಮ ಪೆಟ್ಟಿಗೆಗಳಿಂದ ತೆಗೆದುಕೊಟ್ಟ ಅಂಗಿಗಳು, ಇವುಗಳ ಜೊತೆ ನಾನೂ ದೋಣಿಯಲ್ಲಿ ಅತ್ತ ಹೋದೆ, ಎರಡು ಮೂಟೆ ಹಿಟ್ಟು, ಹೊಸ ಹಿಟ್ಟು ಉಬ್ಬಿಸಲು ಹುಳಿ ಬಂದ ಹಿಟ್ಟಿನ ಒಂದು ಮುದ್ದೆ ಹೊತ್ತುಕೊಂಡು. ನರ್ದು ಅಧಿಕಾರಿಗಳ ಊಟದ ಕೋಣೆಯಲ್ಲಿ ಮಲಗಿದ್ದ. ಎರಡೂ ಕೈಗೆ ಮೊಣಕೈವರೆಗೆ ಬಟ್ಟೆ ಸುತ್ತಿದ್ದರು. ಗುಂಡು ಬಿದ್ದ ಹೊತ್ತಿಗೆ ಅವನು ಬಾಗಿಲ ಹೊರಗಿದ್ದನಂತೆ, ಒಳಗೆ ಸಿಕ್ಕಿಬಿದ್ದ ಜೊತೆಗಾರನನ್ನು ಎಳೆದು ತರಲು ಕಾದ ಕಬ್ಬಿಣದ ಬಾಗಿಲನ್ನು ಕೈಯಿಂದಲೇ ಸರಿಸಿದನಂತೆ. ಇದನ್ನು ಹೇಳಿದವನು ಪೆಂಗೆಲಿ, ನರ್ದು ತಾನಾಗಿ ಹೇಳಲಿಲ್ಲ. ನನ್ನನ್ನು ನೋಡಿದ್ದೇ, "ಬಂದ್ಯಾ ಕೊರ್ಮಿ? ಉಪ್ಪು ತಂದ್ಯಾ?" ಎಂದ. ಕೈ ಹೇಗಿದೆ ಮಾಮಾ ಎಂದು ಕೇಳಿದೆ. ಅವನನ್ನು ಮಾಮಾ ಎಂದು ಕರೆದದ್ದು ಅದೇ ಮೊದಲು. "ಕೈ ವಿಷ್ಯ ಬಿಡು. ಇವ್ರಿಗೆ ಬಿಸಿ ಅನ್ನೋದು ಬಾಯಿಗೆ ಬಿದ್ದು ಎರಡು ದಿನ ಆಯ್ತು. ನಿನ್ನ ಪೀಪಾಯಿ ಬ್ರೆಡ್ಡು ರಮ್ಮು ನಾರ್ತಿತ್ತು, ಅದಕ್ಕೇ ಬಾಯಿಗಿಟ್ರು. ಇಲ್ಲೇ ಒಂದು ಭಟ್ಟಿ ಕಟ್ಟು."

ಭಟ್ಟಿಯನ್ನು ಯಾವುದರಲ್ಲಿ ಕಟ್ಟುವುದು? ಹಾಬ್ಸ್ ದಾರಿ ತೋರಿಸಿದ. ಹಾಳಾದ ಬಾಯ್ಲರಿನ ಒಳಗೋಡೆಯಲ್ಲಿ ಬೆಂಕಿ ತಡೆಯುವ ಇಟ್ಟಿಗೆಗಳಿದ್ದವು. ಅವನೂ ಪೆಂಗೆಲಿಯೂ ಮಸಿ ಹಿಡಿದ ಮುಖದಲ್ಲಿ ಆ ಇಟ್ಟಿಗೆಗಳನ್ನು ಬುಟ್ಟಿಬುಟ್ಟಿಯಾಗಿ ಮೇಲಕ್ಕೆ ಹೊತ್ತು ತಂದರು. ನಡುವೆ ಪೆಂಗೆಲಿ, "ನಿನ್ನ ಹಲ್ಲಿಗೆ ಬದಲು ಇಟ್ಟಿಗೆ ತಗೋ" ಎಂದ, ಹಾಬ್ಸ್, "ಸಾಲಲ್ಲ, ಬಾಯ್ಲರೇ ಬೇಕು" ಎಂದ, ಅವರ ಜಗಳದ ತೀರ್ಮಾನ ಅಷ್ಟೇ. ಹಡಗಿನ ಮೇಲ್ಭಾಗದ ತೆರೆದ ಹಲಗೆಯ ಮೇಲೆ, ಮುರಿದ ದೋಣಿಗಳ ಪಕ್ಕದಲ್ಲಿ ನಾನು ಭಟ್ಟಿ ಕಟ್ಟಿದೆ. ನರ್ದುವನ್ನು ಮಂಚದ ಸಮೇತ ಹೊರಗೆ ತಂದು ಇಟ್ಟಿದ್ದರು, ಅಲ್ಲಿಂದಲೇ ಅವನು ಕಮಾನು ಸೊಟ್ಟಗಾಯಿತು, ಬಾಯಿ ಅಗಲವಾಯಿತು ಎಂದು ಬೈಯುತ್ತಿದ್ದ. ಮುರಿದ ದೋಣಿಯ ಕಟ್ಟಿಗೆ ಉರಿಸಿ, ಕೆಂಡ ಬಾಚಿ, ಬರಿ ಇಟ್ಟಿಗೆಯ ಮೇಲೆ ಬ್ರೆಡ್ಡು ಜಾರಿಸಿದೆ. ಹಡಗಿನ ಕಬ್ಬಿಣದ ಒಲೆಯಲ್ಲಿ ನಾಲ್ಕು ವರ್ಷ ಬಾರದಿದ್ದ ಗರಿಗರಿ ಹೊರಸಿಪ್ಪೆ ಅಂದು ಬಂತು. ಬೆರಳಲ್ಲಿ ತಟ್ಟಿದರೆ ಟೊಳ್ಳು ದನಿ ಬರುವ ಸಿಪ್ಪೆ. ಮೊದಲ ತುಂಡನ್ನು ನರ್ದುವಿನ ಬಾಯಿಗೆ ನಾನೇ ಇಟ್ಟೆ. ಅವನು ತುಂಬ ಹೊತ್ತು ಅಗಿದ. "ಹ್ಞೂ, ತಿನ್ಬಹುದು" ಎಂದ. ಈ ಮಾತನ್ನು ನೀವು ನನಗೆ ಇಪ್ಪತ್ತಾರು ವರ್ಷದಲ್ಲಿ ಎರಡು ಸಲ ಹೇಳಿದ್ದೀರಿ. ಆದ್ದರಿಂದ ಅದರ ತೂಕ ನಿಮಗೆ ಗೊತ್ತು.

ಎರಡನೆಯ ಸುತ್ತಿನ ಬ್ರೆಡ್ಡು ಒಳಗಿದ್ದಾಗ ಶತ್ರುವಿನ ವಿಮಾನಗಳು ಬರುತ್ತಿವೆ ಎಂದು ಸುದ್ದಿ ಬಂತು. ಎಳೆಯುವ ಹಡಗು, ಎಳೆಸಿಕೊಳ್ಳುವ ಹಡಗು, ಎರಡಕ್ಕೂ ತಿರುಗಿ ತಪ್ಪಿಸಿಕೊಳ್ಳಲಾಗದು. ಹುಂಜದ ಕ್ಯಾಪ್ಟನ್ ತಮ್ಮ ದೀಪದವನಿಗೆ ಹೇಳಿದ್ದನ್ನು ನಾನು ಹತ್ತಿರದಲ್ಲೇ ನಿಂತು ಕೇಳಿದೆ. ಹಗ್ಗ ಕಡಿದುಕೊಂಡು ನೀವು ದೂರ ಹೋಗಿ, ನಮಗಾಗಿ ಎರಡು ಹಡಗು ಹೋಗುವುದು ಬೇಡ ಎಂದು ಅವರು ಹೇಳಿ ಕಳಿಸಿದರು. ನಮ್ಮ ಹಡಗಿನಿಂದ ಉತ್ತರ ಬರಲು ಹೆಚ್ಚು ಹೊತ್ತಾಗಲಿಲ್ಲ. ದೀಪದವನು ಓದಿದ, ಓದಿ ನನ್ನ ಕಡೆ ನೋಡಿದ. "ನಮ್ಮ ಅಡುಗೆಯವನು ನಿಮ್ಮಲ್ಲಿದ್ದಾನೆ. ಅವನನ್ನು ಬಿಟ್ಟು ಹೋದರೆ ನನ್ನ ಹಡಗಿನಲ್ಲಿ ದಂಗೆಯಾಗುತ್ತದೆ. ಹಗ್ಗ ಇದ್ದಲ್ಲೇ ಇರಲಿ."

ಹುಂಜದವರೆಲ್ಲ ನಗುತ್ತ ಫಿರಂಗಿಗಳ ಹತ್ತಿರ ಓಡಿದರು. ನಮ್ಮ ಕ್ಯಾಪ್ಟನ್ ಕಟ್ಟುನಿಟ್ಟಿನ ಮನುಷ್ಯ, ನಾಲ್ಕು ವರ್ಷದಲ್ಲಿ ನನ್ನ ಹೆಸರು ಹಿಡಿದು ಕರೆದದ್ದಿಲ್ಲ. ನಾನೊಬ್ಬ ನೆಪ ಮಾತ್ರ, ಅದು ನನಗೂ ಗೊತ್ತು. ಆದರೂ ಅಪ್ಪಾ, ಕೊರ್ಮಿಯ ಬೇಕರಿಯವನ ಮಗನ ನೆಪದಲ್ಲಿ ಒಂದು ಯುದ್ಧನೌಕೆ ಹಿಡಿದ ಹಗ್ಗ ಬಿಡಲಿಲ್ಲ ಎಂದು ನೀವು ನಾಳೆ ಬೆಳಿಗ್ಗೆ ಸಾಲಿನಲ್ಲಿ ನಿಂತ ಗಿರಾಕಿಗಳಿಗೆ ಹೇಳಬಹುದು. ವಿಮಾನಗಳು ಮೂರು ಸಲ ಮೇಲಿಂದ ಹಾದುಹೋದವು. ಎರಡೂ ಹಡಗುಗಳು ಒಂದೇ ಹಡಗಿನಂತೆ ಗುಂಡು ಹಾರಿಸಿದವು. ಬಾಂಬುಗಳು ನೀರಿಗೆ ಬಿದ್ದವು, ನಮಗೆಲ್ಲ ಸ್ನಾನವಾಯಿತು, ಭಟ್ಟಿಯ ಒಂದು ಪಕ್ಕ ಕುಸಿಯಿತು. ಒಳಗಿದ್ದ ಬ್ರೆಡ್ಡು ಒಂದು ಕಡೆ ಕರಿ, ಒಂದು ಕಡೆ ಹಸಿ. ಆದರೂ ಎಲ್ಲರೂ ತಿಂದರು, ಒಂದು ಚೂರೂ ಉಳಿಯಲಿಲ್ಲ.

ಗುರುವಾರ ಮಧ್ಯಾಹ್ನ ಅಲೆಕ್ಸಾಂಡ್ರಿಯಾ ಕಂಡಿತು. ಅಷ್ಟರಲ್ಲಿ ಹಾಬ್ಸನೂ ಹುಂಜದ ಯಂತ್ರದವರೂ ಸೇರಿ ಒಂದು ಬಾಯ್ಲರಿಗೆ ಜೀವ ಕೊಟ್ಟಿದ್ದರು. ಬಂದರಿನ ಬಾಯಿಗೆ ಒಂದು ಮೈಲಿ ಇರುವಾಗ ನಮ್ಮ ಕ್ಯಾಪ್ಟನ್ ಹಗ್ಗ ಬಿಡಿಸಿದರು. ಯಾಕೆಂದು ಮೊದಲು ಅರ್ಥವಾಗಲಿಲ್ಲ. ಕತ್ತೆ ಪಕ್ಕಕ್ಕೆ ಸರಿದು ನಿಂತಿತು. ಹುಂಜ ತನ್ನದೇ ಆವಿಯಲ್ಲಿ, ಒಬ್ಬ ಮುದುಕ ನಡೆಯುವ ವೇಗದಲ್ಲಿ, ವಾಲಿಕೊಂಡೇ ಮುಂದೆ ಹೋಯಿತು. ಎಳೆಸಿಕೊಂಡು ಬಂದರು ಎಂದು ಯಾರೂ ಅನ್ನಬಾರದು, ಅದಕ್ಕೆ. ನಾನು ಹುಂಜದ ಮೇಲೆ, ಭಟ್ಟಿಯ ಪಕ್ಕದಲ್ಲಿದ್ದೆ. ನಮ್ಮ ಕತ್ತೆಯವರು ಕಟಕಟೆಯುದ್ದಕ್ಕೂ ಸಾಲಾಗಿ ನಿಂತು, ನಾವು ಹಾದುಹೋಗುವಾಗ ಟೋಪಿ ಎತ್ತಿ ಮೂರು ಸಲ ಜಯಕಾರ ಹಾಕಿದರು. ಆಮೇಲೆ ಆ ದರಿದ್ರ ಸೈರನ್ನು ಅರಚಿತು. ಹುಂಜದವರು ಅತ್ತರು, ನರ್ದು ಕೂಡ, ಕಣ್ಣು ಒರೆಸಿಕೊಳ್ಳಲು ಅವನಿಗೆ ಕೈಯಿರಲಿಲ್ಲ, ಪೆಂಗೆಲಿ ಒರೆಸಿದ. ಬಂದರಿನಲ್ಲಿದ್ದ ದೊಡ್ಡ ದೊಡ್ಡ ಹಡಗುಗಳೂ ಒಂದೊಂದಾಗಿ ದನಿಗೂಡಿಸಿದವು.

ಈಸ್ಟರ್ ದಿನ ಪೂಜೆ ಮುಗಿಸಿ ಎರಡೂ ಹಡಗಿನವರು ನಾವಿಕರ ಊಟದ ಮನೆಗೆ ಒಟ್ಟಿಗೆ ಹೋದೆವು. ಕತ್ತೆ, ಹುಂಜ ಒಂದೇ ಬಾಗಿಲಲ್ಲಿ ಒಳಗೆ ಹೋದದ್ದನ್ನು ಕಂಡು ಮಿಲಿಟರಿ ಪೊಲೀಸರು ಎರಡು ಲಾರಿ ತುಂಬ ಲಾಠಿ ಹಿಡಿದು ಬಂದರು. ಒಳಗೆ ನೋಡಿದರೆ ಹಾಬ್ಸ್, ಪೆಂಗೆಲಿ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ಶ್ರುತಿಯಿಲ್ಲದೆ ಹಾಡುತ್ತಿದ್ದರು. ಇದಕ್ಕೆ ಕಾನೂನಿಲ್ಲವಲ್ಲ ಎಂದುಕೊಂಡು ಪೊಲೀಸರೂ ಬೀರು ಕುಡಿದು ಹೋದರು.

ನರ್ದು ಇಲ್ಲಿಯ ಆಸ್ಪತ್ರೆಯಲ್ಲಿದ್ದಾನೆ. ಪ್ರಾಣಕ್ಕೆ ಭಯವಿಲ್ಲ. ಆದರೆ ಬೆರಳುಗಳು ಇನ್ನು ಹಿಟ್ಟು ನಾದುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅವನ ತಾಯಿ ಝೈತೂನಿನಲ್ಲಿ ಒಬ್ಬಳೇ ಇದ್ದಾಳೆ, ದೊಡ್ಡ ಚರ್ಚಿನ ಹಿಂದಿನ ಓಣಿಯಲ್ಲಿ, ಹಸಿರು ಬಾಗಿಲು. ಮಗನಿಗೆ ಬಡ್ತಿಯಾಗಿದೆ, ಅದಕ್ಕೇ ಒಲೆ ಬಿಟ್ಟಿದ್ದಾನೆ ಎಂದು ಅವಳಿಗೆ ಬರೆಯಲು ಅವನು ನನಗೆ ಹೇಳಿದ. ನನಗೆ ಅದನ್ನು ಬರೆಯಲು ಕೈ ಬರಲಿಲ್ಲ. ನೀವೇ ಒಂದು ಬ್ರೆಡ್ಡು ತೆಗೆದುಕೊಂಡು ಹೋಗಿ ಬನ್ನಿ. ಅವನು ಆ ಬಾಗಿಲು ಸರಿಸಿದ್ದು, ಒಳಗಿದ್ದವನು ಬದುಕಿದ್ದು, ಹಡಗಿನವರು ಅವನ ಬಗ್ಗೆ ಮಾತಾಡುವ ರೀತಿ, ಎಲ್ಲ ಹೇಳಿ. ಕೈಯ ವಿಷಯವನ್ನು ಒಬ್ಬ ಬೇಕರಿಯವನು ಹೇಳುವಂತೆ ಹೇಳಿ, ಅದು ನಿಮಗೆ ಗೊತ್ತು.

ಅಮ್ಮನಿಗೆ ನನ್ನ ಮುತ್ತು. ಚೆತ್ತಾಳಿಗೆ, ಅಕ್ಷರ ಅರ್ಥವಾಗಲಿಲ್ಲ ಎಂದು ಗೊಣಗದಿರು, ಹಿಟ್ಟು ಮೆತ್ತಿದ ಕೈಯಲ್ಲಿ ಇಷ್ಟೇ ಬರುವುದು. ಪಕ್ಕದ ಮನೆಯ ಅಜ್ಜಿಗೆ, ನಮ್ಮ ಭಟ್ಟಿಗೆ, ಬೆಕ್ಕು ಇನ್ನೂ ಉಳಿದಿದ್ದರೆ ಅದಕ್ಕೂ ನನ್ನ ನೆನಪು ಹೇಳಿ. ದೇವಮಾತೆ ನಿಮ್ಮೆಲ್ಲರನ್ನು ಆ ಬಂಡೆಯ ಕೆಳಗೆ ಕಾಪಾಡಲಿ. ನಿಮ್ಮ ಆಶೀರ್ವಾದ ಬೇಡುವ

ನಿಮ್ಮ ಮಗ
ವಿಸ್ಟಿನ್

ಮರೆತಿದ್ದು: ಚೆತ್ತಾ, ಇದನ್ನು ಅಪ್ಪನೊಬ್ಬರಿಗೇ ಓದು. ಕಾಗದವನ್ನು ಪಾದ್ರಿಗಳ ಹತ್ತಿರ ಒಯ್ಯಲು ಸಬ್‌ಮರೀನಿನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಅಪ್ಪಾ, ನನಗೆ ದಡದ ಮೇಲಿನ ಬೇಕರಿಯಲ್ಲಿ ಕೆಲಸ ಸಿಗಲೆಂದು ಅಮ್ಮ ಒಂಬತ್ತು ದಿನದ ಪ್ರಾರ್ಥನೆ ಹಿಡಿದಿದ್ದಳಲ್ಲ, ಅದು ಫಲಿಸಿತು. ಸೋಮವಾರ ಆಜ್ಞೆ ಬಂತು. ಅದೇ ದಿನ ಹುಂಜದಿಂದ ಪೆಂಗೆಲಿಯೂ ಇನ್ನಿಬ್ಬರೂ ಬಂದರು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅವರ ಹಡಗು ರಿಪೇರಿಯಾಗುತ್ತಿದೆ, ಮತ್ತೆ ಸಮುದ್ರಕ್ಕೆ ಇಳಿಯುತ್ತದೆ, ಅಡುಗೆಯವನಿಲ್ಲ. ನಮ್ಮ ಕತ್ತೆಯವರು ಬೈದರು, ಬೈಯುತ್ತಲೇ ನನ್ನ ಪೆಟ್ಟಿಗೆ ಹೊತ್ತು ಅಲ್ಲಿಗೆ ಮುಟ್ಟಿಸಿದರು. ದಡದ ಕೆಲಸ ಬೇಡವೆಂದು ಹೇಳಿ, ಇಂದು ಬೆಳಿಗ್ಗೆ ಹುಂಜದ ಪುಸ್ತಕದಲ್ಲಿ ಅಡುಗೆಯವನಾಗಿ ಸಹಿ ಹಾಕಿದೆ. ಅಮ್ಮನಿಗೆ ಊಟವಾದ ಮೇಲೆ ಹೇಳಿ, ಕೈ ಹಿಡಿದುಕೊಂಡು ಹೇಳಿ. ನಾನು ಹೆದರಿಲ್ಲ ಎಂದಲ್ಲ, ಹೆದರಿದ್ದೇನೆ. ಆದರೆ ಅವರು ನನ್ನನ್ನೇ ಕೇಳಿಕೊಂಡು ಬಂದರು, ಅಪ್ಪಾ.